ಹೊಸ ಮನೆಯ ಬೀಗದಕೈ ಸಿಕ್ಕವನಿಗೆ, ಶಿರಸಿಯ ಜಗಲಿಯಿಂದ

ತಮ್ಮಾ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಉತ್ತರ ತಡವಾದದ್ದಕ್ಕೆ ನಮ್ಮೂರಿನ ಕರೆಂಟು ಹೊಣೆ, ನಾನಲ್ಲ. ರಜೆಗೆ ಮನೆಗೆ ಬಂದಿದ್ದೇನೆ. ಶಿರಸಿ ಪೇಟೆಯಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ. ಆಷಾಢದ ಮಳೆ ಹಿಡಿದು ವಾರವಾಯಿತು, ಬಿಟ್ಟೇ ಇಲ್ಲ. ಮನೆಯೊಳಗೆ ಎಲ್ಲೂ ಸಿಗ್ನಲ್ ಸಿಗುವುದಿಲ್ಲ. ಜಗಲಿಯ ಮೂಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತರೆ ಎರಡು ಕಡ್ಡಿ ಬರುತ್ತದೆ, ಅಲ್ಲೇ ಕೂತು ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಇಷ್ಟು. ಹೊನ್ನಾವರ ಬಿಟ್ಟು ಜರ್ಮನಿಯ ಬೋಬ್ಲಿಂಗನ್‌ಗೆ ಬಂದು ಒಂದು ವರ್ಷ ತುಂಬಿತು. ಇಷ್ಟು ದಿನ ಮೂವರು ಹುಡುಗರ ಜೊತೆ ಹಂಚಿಕೊಂಡ ಮನೆ, ಹೋದ ವಾರ ನಿನ್ನದೇ ಅಪಾರ್ಟ್‌ಮೆಂಟಿನ ಬೀಗದಕೈ ಕೈಗೆ ಬಂತು. ಊರಲ್ಲಿ ಎಲ್ಲರೂ 'ಅವ ಸೆಟ್ಲ್ ಆದ' ಅನ್ನುತ್ತಿದ್ದಾರೆ. ನೀನು ಮಾತ್ರ ಗೋಡೆಯಿಂದ ಹೊರಗೆ ಚಾಚಿಕೊಂಡ ಎರಡು ಪೈಪು ನೋಡುತ್ತ, ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಈ ಮನೆ ಯಾವತ್ತಾದರೂ ನಮ್ಮದು ಅನ್ನಿಸುತ್ತದಾ, ಇಲ್ಲಾ ಈಗಲೇ ವಾಪಸು ಬರುವುದು ಒಳ್ಳೆಯದಾ?

ಅಳುವಿಗೆ ಅರ್ಧ ಕಾರಣ ಆ ಅಡುಗೆಮನೆಯೇ ಅಂತ ನನ್ನ ಗುಮಾನಿ. ಹಿಂದಿನ ಬಾಡಿಗೆದಾರ ಸಿಂಕು, ಒಲೆ, ಕಪಾಟು ಎಲ್ಲ ಬಿಚ್ಚಿಕೊಂಡು ಹೋಗುವ ದೇಶ ಅದು. ಬಲ್ಬನ್ನೂ ಬಿಡುವುದಿಲ್ಲ, ಸೂರಿನಿಂದ ವೈರು ನೇತಾಡುತ್ತಿರುತ್ತದೆ. ನಮ್ಮ ಕಡೆ ಮನೆ ಬಿಟ್ಟು ಹೋಗುವವರು ಒಲೆ ಕಿತ್ತುಕೊಂಡು ಹೋದದ್ದು ನೀನೂ ಕಂಡಿಲ್ಲ, ನಾನೂ ಕಂಡಿಲ್ಲ. ಒಲೆ ಇಲ್ಲದ ಮನೆ ಅಂದರೆ ಮನಸ್ಸಿಗೆ ಏನೋ ಅಶುಭ. ಆದ್ದರಿಂದ ಮೊದಲು ಸೋಫಾ ತರಬೇಡ, ಟೀವಿ ತರಬೇಡ. ಊರು ಬಿಟ್ಟು ಹೋಗುವವರು ಹಳೇ ಅಡುಗೆಮನೆಯನ್ನು ಇಡಿಯಾಗಿ ಮಾರುತ್ತಾರೆ, ಬಿಚ್ಚಿ ಒಯ್ಯುವ ಕೆಲಸ ನಿನ್ನದು ಅಂದರೆ ಇನ್ನೂ ಅಗ್ಗ. ಅದು ಸಿಗುವ ತನಕ ಒಂದು ಇಂಡಕ್ಷನ್ ಒಲೆ, ಒಂದು ಕುಕ್ಕರು ಸಾಕು. ಅನ್ನ ಬೇಯುವ ವಾಸನೆ ಗೋಡೆಗೆ ಹತ್ತಲಿ, ಆಮೇಲೆ ಮಾತಾಡೋಣ.

ಕಾಗದಪತ್ರದ ಸಂಗತಿ ನಿನಗೆ ಗೊತ್ತಿರಬಹುದು, ಆದರೂ ಒಮ್ಮೆ ಹೇಳಿಬಿಡುತ್ತೇನೆ. ಮನೆ ಬದಲಿಸಿದ ಎರಡು ವಾರದೊಳಗೆ ಹೊಸ ವಿಳಾಸದ ಆನ್‌ಮೆಲ್ಡುಂಗ್, ಅಂದರೆ ಸರ್ಕಾರಿ ನೋಂದಣಿ, ಮಾಡಿಸಬೇಕು, ಮನೆಯೊಡೆಯ ಸಹಿ ಹಾಕಿದ ಚೀಟಿ ಇಲ್ಲದೆ ಅದು ಆಗುವುದಿಲ್ಲ. ಡಿಪಾಸಿಟ್ಟು ಮೂರು ತಿಂಗಳ ಬರೀ ಬಾಡಿಗೆಯನ್ನು, ಅಂದರೆ ನೀರು, ಬಿಸಿ, ಕಸದ ಖರ್ಚು ಬಿಟ್ಟು ಉಳಿದದ್ದನ್ನು, ಮೀರುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ಕಾನೂನೇ ಕೊಟ್ಟಿದೆ. ಕೇಳಲು ನಾಚಿಕೆಪಟ್ಟು ಒಮ್ಮೆಲೇ ಕೊಟ್ಟಿರುತ್ತೀಯ, ನಾನೂ ಹಾಗೇ ಕೊಟ್ಟಿದ್ದೆ. ರೇಡಿಯೋ ಟೀವಿ ಶುಲ್ಕ ತಿಂಗಳಿಗೆ 18.36 ಯೂರೋ, ಮನೆಗೊಂದರಂತೆ. ಇಷ್ಟು ದಿನ ರೂಮಿನವರಲ್ಲಿ ಯಾರೋ ಒಬ್ಬ ಕಟ್ಟುತ್ತಿದ್ದ, ಇನ್ನು ನಿನ್ನ ಹೆಸರಿಗೇ ಬರುತ್ತದೆ. ಟೀವಿ ಇಲ್ಲ ಅಂತ ಬರೆದು ಪ್ರಯೋಜನವಿಲ್ಲ, ಅದು ಗೋಡೆಗೆ ಹೇಳಿದ ಹಾಗೆ.

ಗೋಡೆ ಅಂದೆನಲ್ಲ, ಈಗ ಅಸಲು ಮಾತಿಗೆ ಬರುತ್ತೇನೆ. ನನ್ನ ಮೊದಲ ಮನೆ ಎಸ್ಲಿಂಗನ್‌ನಲ್ಲಿ, ನೆಕ್ಕರ್ ಹೊಳೆಯಿಂದ ಎರಡು ಬೀದಿ ಮೇಲೆ, ಹಳೇ ಕಟ್ಟಡದ ಮೂರನೇ ಮಹಡಿ. ಮೊದಲ ಚಳಿಗಾಲದಲ್ಲಿ ನಾನು ಮಾಡಿದ್ದು ಪಕ್ಕಾ ಮಲೆನಾಡಿನವನ ಕೆಲಸ. ಕಿಟಕಿ ಎಲ್ಲ ಭದ್ರವಾಗಿ ಮುಚ್ಚಿದೆ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲೇ ಹರವಿದೆ. ದಿನಾ ಎರಡು ಹೊತ್ತು ಅನ್ನ, ಸಾರು, ಕಷಾಯ, ಆವಿಯೆಲ್ಲ ಒಳಗೇ. ಬೆಚ್ಚಗಿದೆ, ಮನೆಯ ಹಾಗಿದೆ ಅಂತ ಹಿಗ್ಗುತ್ತಿದ್ದೆ. ಫೆಬ್ರುವರಿಯಲ್ಲಿ ಒಂದು ದಿನ ಬಟ್ಟೆ ಕಪಾಟಿನ ಹಿಂದೆ ಪೆನ್ನು ಬಿತ್ತು. ಕಪಾಟು ಸರಿಸಿದೆ. ಹೊರಗೋಡೆಯ ಮೂಲೆಯಿಂದ ಸೊಂಟದೆತ್ತರದವರೆಗೆ ಕಪ್ಪು ಬೂಷ್ಟು. ಮೊದಲು ಸಾಸಿವೆ ಕಾಳು ಚೆಲ್ಲಿದ ಹಾಗೆ ಚುಕ್ಕಿ ಚುಕ್ಕಿ, ಕೆಳಗೆ ಹೋದಂತೆ ಒಂದಕ್ಕೊಂದು ಕೂಡಿ ಕಂಬಳಿ ಹಾಸಿದ ಹಾಗೆ. ಮೂಗು ಹತ್ತಿರ ಒಯ್ದೆ. ಆ ವಾಸನೆ ಹೇಳಲೇನು, ನಮ್ಮ ಮನೆಯ ಮೆತ್ತಿನ ಮೇಲೆ ಶ್ರಾವಣದಲ್ಲಿ ಚೀಲ ಬಿಚ್ಚಿದರೆ ಬರುತ್ತದಲ್ಲ, ಅದೇ! ನಂಬುತ್ತೀಯೋ ಇಲ್ಲವೋ, ಒಂದು ಗಳಿಗೆ ಖುಷಿಯಾಯಿತು.

ಮನೆಯೊಡೆಯನಿಗೆ ಖುಷಿಯಾಗಲಿಲ್ಲ. ಮನೆ ಬಿಡುವಾಗ ಆ ಗೋಡೆಯ ಲೆಕ್ಕದಲ್ಲಿ ಡಿಪಾಸಿಟ್ಟಿನ ಅರ್ಧಕ್ಕೂ ಹೆಚ್ಚು ಹಿಡಿದುಕೊಂಡ. ತಪ್ಪು ಪೂರ್ತಿ ನನ್ನದಾಗಿರಲಿಲ್ಲ, ಆ ಮೂಲೆ ನಾನು ಬರುವ ಮೊದಲೇ ತಣ್ಣಗಿತ್ತು. ಆದರೆ ಬೀಗದಕೈ ತೆಗೆದುಕೊಂಡ ದಿನ ನಾನು ಒಂದು ಫೋಟೋ ಕೂಡ ತೆಗೆದಿರಲಿಲ್ಲ, ಹಸ್ತಾಂತರದ ಚೀಟಿಗೆ ಓದದೆ ಸಹಿ ಹಾಕಿದ್ದೆ. ನೀನು ಇವತ್ತೇ ಎಲ್ಲಾ ಮೂಲೆಯ ಫೋಟೋ ತೆಗೆ. ಕಪಾಟಿನ ಹಿಂದೆ, ಸಿಂಕಿನ ಜಾಗದ ಕೆಳಗೆ, ಕಿಟಕಿಯ ರಬ್ಬರಿನ ಸಂದಿ, ಯಾವುದನ್ನೂ ಬಿಡಬೇಡ.

ಈಗ ಬೂಷ್ಟಿನ ವಿದ್ಯೆ ಕೇಳು. ಬಿಸಿ ಗಾಳಿ ನೀರನ್ನು ಹೊತ್ತುಕೊಂಡಿರುತ್ತದೆ, ತಣ್ಣನೆ ಗೋಡೆ ಮುಟ್ಟಿದ ಕೂಡಲೇ ಇಳಿಸಿಬಿಡುತ್ತದೆ. ಇಲ್ಲಿ ನಮ್ಮೂರಲ್ಲಿ ಮಳೆಗಾಲಕ್ಕೆ ಹೊರಗಿನ ಗಾಳಿಯೇ ಒದ್ದೆ ಅರಿವೆ, ಕಿಟಕಿ ತೆಗೆದರೆ ಇನ್ನಷ್ಟು ನೀರು ಒಳಗೆ. ಅದಕ್ಕೇ ನಮ್ಮ ಹಿರಿಯರು ಬೆಂಕಿ ನಂಬಿದರು. ಬಚ್ಚಲ ಒಲೆಯ ಮೇಲೆ ಬಟ್ಟೆ, ಅಟ್ಟದ ಕೆಳಗೆ ಹೊಗೆ. ಅಲ್ಲಿ ಚಳಿಗಾಲದಲ್ಲಿ ತದ್ವಿರುದ್ಧ. ಹೊರಗೆ ಸೊನ್ನೆ ಡಿಗ್ರಿ ಇದ್ದರೆ ಆ ಗಾಳಿಯಲ್ಲಿ ನೀರಿಗೆ ಜಾಗವೇ ಇರುವುದಿಲ್ಲ. ಅದನ್ನು ಒಳಗೆ ಬಿಟ್ಟು ಬಿಸಿಮಾಡಿದರೆ ಒಣ ಬಟ್ಟೆಯ ಹಾಗೆ ಮನೆಯ ತೇವ ಹೀರುತ್ತದೆ. ಹಾಗಾಗಿ ದಿನಕ್ಕೆ ಎರಡು ಮೂರು ಸಲ ಎದುರುಬದುರು ಕಿಟಕಿ ಪೂರ್ತಿ ತೆಗೆ, ಐದರಿಂದ ಹತ್ತು ನಿಮಿಷ, ರೇಡಿಯೇಟರ್ ಆ ಹೊತ್ತಿಗೆ ಬಂದ್. ಸ್ಟೋಸ್‌ಲ್ಯೂಫ್ಟನ್ ಅನ್ನುತ್ತಾರೆ. ಕಿಟಕಿಯನ್ನು ಅರೆ ಬಾಗಿಸಿ ದಿನವಿಡೀ ಬಿಡುವವರಿದ್ದಾರೆ. ಅದರಿಂದ ಗೋಡೆ ತಣ್ಣಗಾಗುತ್ತದೆ, ಬಿಲ್ಲು ಬಿಸಿಯಾಗುತ್ತದೆ, ಬೇರೇನೂ ಉಪಯೋಗವಿಲ್ಲ. ಕಪಾಟನ್ನು ಹೊರಗೋಡೆಗೆ ಅಂಟಿಸಬೇಡ, ನಾಲ್ಕು ಬೆರಳು ಬಿಡು. ತೇವ ಅಳೆಯುವ ಸಣ್ಣ ಯಂತ್ರ ಹತ್ತು ಯೂರೋ ಆಸುಪಾಸಿಗೆ ಸಿಗುತ್ತದೆ, ನಲವತ್ತರಿಂದ ಅರವತ್ತರ ನಡುವೆ ಇದ್ದರೆ ನಿಶ್ಚಿಂತೆ. ನಾನು ಈ ಸಲ ಅಂಥದ್ದೊಂದನ್ನು ಊರಿಗೂ ತಂದಿದ್ದೆ, ಅಪ್ಪನಿಗೆ ತೋರಿಸೋಣ ಅಂತ. ಜಗಲಿಯ ಮೇಲಿಟ್ಟರೆ ತೊಂಬತ್ತು ದಾಟಿ ಕೂತಿತು. ಅಪ್ಪ ಕನ್ನಡಕದ ಮೇಲಿಂದ ನೋಡಿ, "ಮಳೆ ಬತ್ತಾ ಇದ್ದು ಹೇಳಿ ಗೊತ್ತಪ್ಪಲೆ ಮಷಿನ್ ಬೇಕನಾ?" ಅಂದ.

ಅಪ್ಪನಿಗೆ ಈಗ ಅಡಿಕೆಯ ಕೊಳೆರೋಗದ್ದೇ ಚಿಂತೆ. ಮೊದಲ ಮದ್ದು ಹೊಡೆದಾಗಿದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಅದು ಬದಲಾಗಿಲ್ಲ. ಎರಡನೇ ಮದ್ದಿಗೆ ಒಂದು ದಿನದ ಹೊಳವು, ಅಂದರೆ ಮಳೆಯ ಬಿಡುವು, ಬೇಕು, ಅದು ಸಿಗುತ್ತಿಲ್ಲ. ಹೊಳವು ಸಿಕ್ಕರೆ ಮರ ಹತ್ತುವ ಕೊನೆಗೌಡ ಸಿಗುವುದಿಲ್ಲ. ನಾನು ಕೈಕಟ್ಟಿ ನೋಡುತ್ತೇನೆ. ಹದಿಮೂರು ವರ್ಷ ಹೊರಗಿದ್ದವನ ಕೈಯಲ್ಲಿ ಯಾರೂ ಕೆಲಸ ಮಾಡಿಸುವುದಿಲ್ಲ, "ನೀ ಕೂತ್ಗ" ಅನ್ನುತ್ತಾರೆ. ನಾನು ಮಲಗುತ್ತಿದ್ದ ಕೋಣೆಯಲ್ಲಿ ಈಗ ಅಡಿಕೆ ಚೀಲ. ನನಗೆ ಹಾಸಿಗೆ ಹಾಕುವುದು ನೆಂಟರ ಕೋಣೆಯಲ್ಲಿ. ಇದನ್ನು ದೂರಲಿಕ್ಕೆ ಹೇಳುತ್ತಿಲ್ಲ. ವಾಪಸು ಬರುವ ಲೆಕ್ಕ ಹಾಕುವಾಗ ನೀನು ಬಿಟ್ಟು ಹೋದ ಹೊನ್ನಾವರಕ್ಕೆ ವಾಪಸು ಬರುತ್ತೇನೆ ಅಂದುಕೊಂಡಿರುತ್ತೀಯ. ನಿನ್ನ ಕೋಣೆಯಲ್ಲೂ ಏನೋ ಒಂದು ತುಂಬಿರುತ್ತದೆ. ಘಟ್ಟದ ಕೆಳಗಿನವರ ಮನೆಯಲ್ಲಾದರೆ ಬಲೆಯೋ, ಒಣಮೀನಿನ ಬುಟ್ಟಿಯೋ.

ನಮ್ಮದು ಅನ್ನಿಸುವುದು ಯಾವಾಗ ಅಂತ ಕೇಳಿದೆಯಲ್ಲ, ಅದಕ್ಕೆ ನನ್ನ ಹತ್ತಿರ ಒಂದು ತಾರೀಕಿನಷ್ಟು ಖಚಿತವಾದ ಉತ್ತರವಿದೆ, ಆದರೆ ಸ್ವಲ್ಪ ನಾಚಿಕೆಯ ಕತೆ.

ಸ್ಟುಟ್‌ಗಾರ್ಟ್ ಸುತ್ತಿನ ಊರುಗಳಲ್ಲಿ ಕೇರ್‌ವೊಖೆ ಅಂತ ಒಂದಿದೆ, ಗುಡಿಸುವ ವಾರ. ಕಟ್ಟಡದ ಮೆಟ್ಟಿಲು, ಹೊರಗಿನ ಕಾಲುದಾರಿ ಗುಡಿಸುವುದು ಸರದಿಯಂತೆ ಒಂದೊಂದು ಮನೆಯದು. ಸರದಿ ಬಂದರೆ ನಿನ್ನ ಬಾಗಿಲ ಹಿಡಿಗೆ ಒಂದು ಪುಟ್ಟ ಬೋರ್ಡು ನೇತುಹಾಕಿರುತ್ತಾರೆ. ನೀನು ಇದ್ದ ಹೊಸ ಕಟ್ಟಡಗಳಲ್ಲಿ ಕೆಲಸದವರು ಬರುತ್ತಾರೆ, ಹಾಗಾಗಿ ಕಂಡಿರಲಿಕ್ಕಿಲ್ಲ. ಹೊಸ ಮನೆಯ ಕರಾರು ತೆಗೆದು ನೋಡು, ಇದ್ದರೂ ಇದ್ದೀತು. ಮೊದಲ ಸಲ ನನ್ನ ಬಾಗಿಲಿಗೆ ಬೋರ್ಡು ಬಂದಾಗ ಯಾವುದೋ ಜಾಹೀರಾತು ಅಂದುಕೊಂಡು ತೆಗೆದು ಶೂ ಸ್ಟ್ಯಾಂಡಿನ ಮೇಲಿಟ್ಟೆ. ಶನಿವಾರ ಸಂಜೆ ಕೆಳಮನೆಯ ಅಜ್ಜಿ ಗಂಟೆ ಒತ್ತಿದಳು. ಮಾತಾಡಲಿಲ್ಲ. ಶೂ ಸ್ಟ್ಯಾಂಡು ನೋಡಿದಳು, ಬೋರ್ಡು ತೆಗೆದು ಮತ್ತೆ ಹಿಡಿಗೆ ಹಾಕಿದಳು, ತನ್ನ ಕೈಯಲ್ಲಿದ್ದ ಪೊರಕೆ ನನ್ನ ಕೈಗೆ ಕೊಟ್ಟು ಇಳಿದು ಹೋದಳು. ನಾನು ಮೂರು ಮಹಡಿ ಗುಡಿಸಿದೆ. ಅಂಗಳ ಗುಡಿಸುವಾಗ ಅಮ್ಮ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಿದ್ದಳಲ್ಲ, ಗುಡಿಸಿದ್ದನ್ನು ತುಳಿಯಬಾರದು ಅಂತ, ಹಾಗೇ ಹಿಂದೆ ಹಿಂದೆ ಇಳಿಯುತ್ತ ಗುಡಿಸಿದೆ. ಅಜ್ಜಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು ಅಂತ ಆಮೇಲೆ ಗೊತ್ತಾಯಿತು. ಆ ಪೊರಕೆ ಇವತ್ತಿಗೂ ನನ್ನ ಹತ್ತಿರವೇ ಇದೆ. ವಾಪಸು ಕೇಳಲಿಲ್ಲ, ನಾನೂ ಕೊಡಲಿಲ್ಲ.

ಇದಾಗಿ ನಾಲ್ಕನೇ ವರ್ಷ. ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗಿದ್ದೆ. ಕೆಳಗೆ ರಸ್ತೆಯಂಚಿನ ಗಾಜಿನ ತೊಟ್ಟಿಗೆ ಯಾರೋ ಬಾಟಲಿ ಹಾಕತೊಡಗಿದರು. ಖಣ್, ಖಳಾರ್, ಮತ್ತೆ ಖಣ್. ಭಾನುವಾರ ಗಾಜು ಹಾಕಕೂಡದು, ತೊಟ್ಟಿಯ ಮೇಲೇ ಬರೆದಿದೆ. ನಾನು ಎದ್ದೆ, ಕಿಟಕಿ ತೆಗೆದೆ, "ಹೊಯ್ಟೆ ಇಸ್ಟ್ ಝೋನ್‌ಟಾಗ್!" ಅಂತ ಕೂಗಿದೆ. ಇವತ್ತು ಭಾನುವಾರ ಕಣಪ್ಪಾ ಅಂತ. ಕೆಳಗಿದ್ದ ಹುಡುಗ ತಲೆ ಎತ್ತಿ ಬೆಚ್ಚಿಬಿದ್ದ. ಅವನೂ ನಮ್ಮ ದೇಶದವನೇ ಇರಬೇಕು, ಮುಖ ಹಾಗಿತ್ತು, ಬಂದು ಹೆಚ್ಚು ದಿನವಾಗಿರಲಿಕ್ಕಿಲ್ಲ. ಕಿಟಕಿ ಹಾಕಿ ತಿರುಗಿದ ಮೇಲೆ ನನಗೆ ನನ್ನ ದನಿಯೇ ಕಿವಿಯಲ್ಲಿ ಉಳಿಯಿತು. ಅಂಗಳದಲ್ಲಿ ಹರಗಿದ ಅಡಿಕೆಯ ಮೇಲೆ ಕಾಲಿಟ್ಟರೆ ದೊಡ್ಡಪ್ಪ ಗದರುತ್ತಿದ್ದ ದನಿ ಅದು, ಭಾಷೆ ಒಂದೇ ಬೇರೆ. ಯಾರದೋ ಮನೆಯಲ್ಲಿ ನೆಂಟನಾಗಿ ಇರುವವನು ಹಾಗೆ ಗದರುವುದಿಲ್ಲ. ಆ ಹುಡುಗ ಯಾರೋ ಏನೋ, ಸಿಕ್ಕರೆ ಒಂದು ಕಪ್ ಚಹಾ ಕೊಡಬೇಕು.

ಅಂದರೆ ನಿನಗೂ ನಾಲ್ಕು ವರ್ಷ ಬೇಕು ಅಂತಲ್ಲ. ಒಂದು ವರ್ಷದಲ್ಲಿ ಆಗಲಿಲ್ಲ ಅಂತ ಅಳುವಂಥದ್ದೇನೂ ಇಲ್ಲ ಅಂತ.

ದೂರದಲ್ಲಿರುವುದರ ಬೆಲೆಯನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. 2024ರ ಜುಲೈ 16ರಂದು ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತಲ್ಲ, ನನ್ನ ಭಾವ ಕುಮಟೆಯಿಂದ ಕಾರವಾರಕ್ಕೆ ವಾರಕ್ಕೆರಡು ಸಲ ಅದೇ ದಾರಿಯಲ್ಲಿ ಹೋಗುವವನು. ಎಸ್ಲಿಂಗನ್‌ನಲ್ಲಿ ಆಫೀಸಿನ ಮೀಟಿಂಗಿನಲ್ಲಿ ಕೂತು ಮೇಜಿನ ಕೆಳಗೆ ಫೋನು ಒತ್ತುತ್ತಿದ್ದೆ, ಎರಡೂವರೆ ತಾಸು ಅವನ ಫೋನು ಹತ್ತಲಿಲ್ಲ. ಆ ದಿನ ಅವನು ಹಲ್ಲುನೋವು ಅಂತ ಮನೆಯಲ್ಲೇ ಮಲಗಿದ್ದ, ಫೋನು ಚಾರ್ಜಿಗೆ ಹಾಕಿರಲಿಲ್ಲ. ಮೀಟಿಂಗಿನಲ್ಲಿ ಏನು ಮಾತಾಡಿದರೋ ಗೊತ್ತಿಲ್ಲ. ಗಂಗಾವಳಿಯ ದಡದಲ್ಲಿ ಆ ದಿನ ಯಾರ ಫೋನು ಹತ್ತಲೇ ಇಲ್ಲವೋ ಅವರ ಮನೆಯವರ ನೆನಪು ಮಾತ್ರ ಈಗಲೂ ಬರುತ್ತದೆ. ಇದಕ್ಕೆ ಮದ್ದಿಲ್ಲ ತಮ್ಮಾ. ಹಳಬನಾದರೂ ಕಡಿಮೆಯಾಗುವುದಿಲ್ಲ.

ಮನೆಗೆ ಫೋನು ಮಾಡುವ ಹೊತ್ತು ಮಾತ್ರ ಸರಿಮಾಡಿಕೋ. ಬೇಸಿಗೆಯಲ್ಲಿ ಮೂರೂವರೆ ತಾಸಿನ ಅಂತರ, ಚಳಿಗಾಲದಲ್ಲಿ ನಾಲ್ಕೂವರೆ. ನೀನು ಕೆಲಸ ಮುಗಿಸಿ ಆರಕ್ಕೆ ಮಾಡಿದರೆ ಅವರು ನಿದ್ದೆಗಣ್ಣಲ್ಲಿ 'ಊಟ ಆಯ್ತಾ' ಅಂತ ಕೇಳಿ ಮುಗಿಸುತ್ತಾರೆ. ಬೆಳಿಗ್ಗೆ ಆಫೀಸಿಗೆ ಹೋಗುವಾಗ ರೈಲಿನಲ್ಲಿ ಮಾಡು. ಆಗ ಅವರಿಗೆ ಹಗಲು, ಮಾತಾಡಲು ಊರಿನ ಸುದ್ದಿ ಇರುತ್ತದೆ, ನೆರೆಮನೆಯ ಜಗಳ ಇರುತ್ತದೆ.

ಊರಿನಿಂದ ಏನು ತರುವುದು ಅಂತಲೂ ನೀನು ಕೇಳಿದ್ದೆ. ತುಪ್ಪ ತರಬೇಡ. ಹಾಲಿನ ಪದಾರ್ಥ, ಮಾಂಸ ಯುರೋಪಿನ ಹೊರಗಿನಿಂದ ಒಯ್ಯುವಂತಿಲ್ಲ, ಕಸ್ಟಮ್ಸಿನವರು ಹಿಡಿದರೆ ಅಮ್ಮ ಕಾಯಿಸಿದ ತುಪ್ಪ ಕಸದ ಬುಟ್ಟಿಗೆ. ಅಲ್ಲೇ ಬುಟರ್‌ಶ್ಮಾಲ್ಟ್ಸ್ ಅಂತ ಡಬ್ಬಿಯಲ್ಲಿ ಸಿಗುತ್ತದೆ, ತುಪ್ಪವೇ, ಪರಿಮಳ ಸ್ವಲ್ಪ ಮಂಕು. ಕರಿ ಈಶಾಡು ಮಾವಿನ ಹಣ್ಣನ್ನೂ ಮರೆತುಬಿಡು, ತಾಜಾ ಹಣ್ಣಿಗೆ ಸರ್ಟಿಫಿಕೇಟ್ ಬೇಕು. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಒಣಗಿಸಿದ ಮುರುಗಲ ಸಿಪ್ಪೆ, ಇಷ್ಟು ಸಾಕು. ಕುಚಲಕ್ಕಿ ಹೊರಬೇಡ, ಶ್ರೀಲಂಕಾ ತಮಿಳರ ಅಂಗಡಿಯಲ್ಲಿ ಕೆಂಪಕ್ಕಿ, ಕೆಸುವಿನ ಗಡ್ಡೆ, ನುಗ್ಗೆಕಾಯಿ, ಕರಿಬೇವು ಸಿಗುತ್ತದೆ. ಆ ಅಂಗಡಿಯ ಅಣ್ಣ ನನಗೆ ಹದಿಮೂರು ವರ್ಷದಿಂದ ತಮಿಳಿನಲ್ಲೇ ಮಾತಾಡುತ್ತಾನೆ, ನಾನು ಕನ್ನಡದಲ್ಲೇ ಉತ್ತರಿಸುತ್ತೇನೆ, ಲೆಕ್ಕ ಒಮ್ಮೆಯೂ ತಪ್ಪಿಲ್ಲ.

ಬಾಗಿಲ ಗಂಟೆಗೂ ಅಂಚೆ ಡಬ್ಬಿಗೂ ಹೆಸರು ಅಂಟಿಸಿದೆಯಾ? ಅಲ್ಲಿ ಮನೆಗೆ ನಂಬರು ಇರುವುದಿಲ್ಲ, ಅಂಚೆಯವನು ಹೆಸರು ನೋಡಿಯೇ ಹಾಕುವುದು. ಹೆಸರಿಲ್ಲದಿದ್ದರೆ ವೀಸಾ ಕಚೇರಿಯ ಕಾಗದವೂ ವಾಪಸು. ನಾನು 'ಭಟ್' ಅಂತ ಅಂಟಿಸಿದೆ. ಅದನ್ನು ಅವರು ಬಾಟ್ ಅಂತ ಓದುತ್ತಾರೆ. ಜರ್ಮನ್‌ನಲ್ಲಿ ಬಾಟ್ ಅಂದರೆ ಬಚ್ಚಲುಮನೆ. ಹದಿಮೂರು ವರ್ಷದಿಂದ ನಾನು ಶ್ರೀಮಾನ್ ಬಚ್ಚಲು.

ವಾಪಸು ಬರುವ ಮಾತು. ನನ್ನ ಅಭಿಪ್ರಾಯ ಕೇಳಿದ್ದಕ್ಕೆ ಹೇಳುತ್ತೇನೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಯಾವ ತೀರ್ಮಾನವನ್ನೂ ಮಾಡಬೇಡ, ಸಂಜೆ ನಾಲ್ಕೂವರೆಗೆ ಕತ್ತಲಾಗುವ ದೇಶದಲ್ಲಿ ಎಲ್ಲ ಯೋಚನೆಯೂ ಕಪ್ಪೇ. ನಿನ್ನದು ಬ್ಲೂ ಕಾರ್ಡು, ಓದಿದ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ. ಬಿ1, ಅಂದರೆ ನಡುಮಟ್ಟದ ಜರ್ಮನ್ ಇದ್ದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು, ತೀರಾ ಮೊದಲ ಮಟ್ಟದ ಎ1 ಇದ್ದರೆ 27. ಹನ್ನೆರಡು ಕಳೆದಾಗಿದೆ. ಆ ಕಾಗದ ಕೈಗೆ ಬಂದ ಮೇಲೆ ಯೋಚಿಸು. ಭಾಷೆಗೆ ಈಗಲೇ ಸೇರು, ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ, ಕೆಳಮನೆಯ ಅಜ್ಜಿಯ ಹತ್ತಿರ ನಡೆಯುವುದಿಲ್ಲ. ಪಾಸ್‌ಪೋರ್ಟಿನ ವಿಷಯ ಬೇರೆ. 2024ರ ಜೂನ್‌ನಿಂದ ಐದು ವರ್ಷಕ್ಕೇ ಅವರ ಪೌರತ್ವ ಕೇಳಬಹುದು, ಅವರ ಕಡೆಯಿಂದ ಎರಡೂ ಇಟ್ಟುಕೊಳ್ಳಬಹುದು, ಆದರೆ ನಮ್ಮ ದೇಶ ಒಪ್ಪುವುದಿಲ್ಲ. ತೋಟ ನನ್ನ ಪಾಲಿಗೆ ಉತ್ತರಾಧಿಕಾರದಲ್ಲಿ ಬರಲು ಅಡ್ಡಿಯಿಲ್ಲ, ಆದರೆ ಹೊರಗಿದ್ದುಕೊಂಡು ಪಕ್ಕದ ಎರಡು ಗುಂಟೆ ತೋಟ ಕೊಳ್ಳೋಣ ಅಂದರೆ ಯಾವ ಪಾಸ್‌ಪೋರ್ಟಿದ್ದರೂ ಆಗುವುದಿಲ್ಲ. ನಾನಿನ್ನೂ ಅರ್ಜಿ ಹಾಕಿಲ್ಲ. ಯಾಕೆ ಅಂತ ಕೇಳಿದರೆ ತೋಟ ಅನ್ನುತ್ತೇನೆ. ಅದು ಪೂರ್ತಿ ನಿಜವಲ್ಲ.

ಒಂದು ಭಾನುವಾರ ಎಸ್ಲಿಂಗನ್‌ಗೆ ಬಾ, ಲೋಕಲ್ ರೈಲಿನ ದಾರಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ಕಿಟ್ಟೆಲ್ ತೀರಿಕೊಂಡ ತ್ಯೂಬಿಂಗನ್ನೂ ದೂರವಿಲ್ಲ. ಮೋಗ್ಲಿಂಗನಿಗೆ ಇದು ವಾಪಸು ಬಂದ ಊರು. ಹೊಳೆಯ ದಡದಲ್ಲಿ ಸಂಜೆ ನಡೆಯುವಾಗ ಅವನು ಕೊನೆಯ ವರ್ಷಗಳಲ್ಲಿ ಯಾರ ಹತ್ತಿರ ಕನ್ನಡ ಮಾತಾಡಿದನೋ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಹೇಗಿದ್ದೀಯ ಅಂತ ಕೇಳಿದರೆ ಅಲ್ಲಿಯವರು 'ಪಾಸ್ಟ್ ಶೋನ್' ಅನ್ನುತ್ತಾರೆ. ನಮ್ಮ 'ಅಡ್ಡಿಲ್ಲ'ಕ್ಕೆ ಅದಕ್ಕಿಂತ ಹತ್ತಿರದ ಶಬ್ದ ನನಗೆ ಸಿಕ್ಕಿಲ್ಲ.

ನಾನು ಆಗಸ್ಟ್ ಎರಡನೇ ವಾರ ಬರುತ್ತೇನೆ. ಡ್ರಿಲ್ ಮಷಿನ್ ನನ್ನ ಹತ್ತಿರ ಇದೆ, ಹೊಸದು ಕೊಳ್ಳಬೇಡ. ಅಡುಗೆಮನೆ ಕಪಾಟು ಎಷ್ಟು ಉದ್ದ ಅಳತೆ ತೆಗೆದು ಕಳಿಸು, ಗೋಡೆ ಕಾಂಕ್ರೀಟೋ ಇಟ್ಟಿಗೆಯೋ ತಟ್ಟಿ ನೋಡಿ ಹೇಳು. ಬರುವುದು ಶನಿವಾರ ಬೆಳಿಗ್ಗೆ. ಭಾನುವಾರ ಡ್ರಿಲ್ ಹೊಡೆದರೆ ಯಾರಾದರೂ ಕಿಟಕಿ ತೆಗೆದು ಕೂಗುತ್ತಾರೆ.